ಮಡಚುವ ಚಾಕುವಿನ ಸಲೀಸು: ಅಜ್ಜಾವರದ ಕಸಿ ತೋಟದಿಂದ ಟೈಟೇನಿಯಂ ಹಿಡಿಯವರೆಗೆ

ಪಯಸ್ವಿನಿ ಹೊಳೆಯ ಆಸುಪಾಸಿನ ಅಜ್ಜಾವರದಲ್ಲಿ ಮಳೆಗಾಲವೆಂದರೆ ಗಿಡ ನೆಡುವ ಕಾಲ. ಸುಳ್ಯ ಪಟ್ಟಣಕ್ಕೆ ಹೊಂದಿಕೊಂಡಂತಿರುವ ಈ ಗ್ರಾಮದಲ್ಲಿಯೂ, ನೆರೆಯ ಪುತ್ತೂರು ಹಾಗೂ ಕಡಬ ತಾಲ್ಲೂಕುಗಳಲ್ಲಿಯೂ ಅಡಿಕೆಯ ಜೊತೆಗೆ ಗೇರು, ರಬ್ಬರು, ಕಾಳುಮೆಣಸು, ಜಾಯಿಕಾಯಿ, ಹಲಸು ಮೊದಲಾದ ಬೆಳೆಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ನೆಲವನ್ನು ಆಕ್ರಮಿಸುತ್ತಿವೆ. ಇವುಗಳಲ್ಲಿ ಹೆಚ್ಚಿನವುಗಳ ಉತ್ತಮ ಗಿಡಗಳು ಇಂದು ಬೀಜದಿಂದಲ್ಲ, ಕಸಿಯಿಂದ ಬರುತ್ತವೆ. ಕಸಿಯೆಂಬುದು ಕೊನೆಗೂ ಒಂದು ಚಾಕುವಿನ ಕೆಲಸ. ಅಂಗೈಯಗಲದ, ಮಡಚಿ ಕಿಸೆಗೆ ಹಾಕಿಕೊಳ್ಳಬಹುದಾದ ಆ ಚಾಕುವಿನ ಬಗ್ಗೆ ನಮ್ಮ ವ್ಯಾಪಾರ ವಲಯದಲ್ಲಿ ನಡೆದಿರುವ ಚರ್ಚೆ ಬಹಳ ಕಡಿಮೆ. ಅಂಗಡಿಗಳಲ್ಲಿ ಅದು ಗೊಬ್ಬರ, ಕೀಟನಾಶಕ, ಸಿಂಪಡಣೆ ಯಂತ್ರಗಳ ನಡುವೆ ಗಾಜಿನ ಕಪಾಟಿನ ಮೂಲೆಯೊಂದರಲ್ಲಿ ಬಿದ್ದಿರುತ್ತದೆ. ಬೆಲೆಯನ್ನು ಕೇಳುವ ಗ್ರಾಹಕರಿದ್ದಾರೆ. ಗುಣವನ್ನು ಕೇಳುವವರು ವಿರಳ.

ಇದೇ ಕಾಲದಲ್ಲಿ ಜಗತ್ತಿನ ಇನ್ನೊಂದು ಮಗ್ಗುಲಲ್ಲಿ ಮಡಚುವ ಚಾಕು ಎಂಬ ವಸ್ತು ಕೈಗಡಿಯಾರದ ಮಟ್ಟಕ್ಕೆ ಏರಿದೆ. ಅಮೆರಿಕ, ರಷ್ಯಾ, ಚೀನಾ, ಜಪಾನ್ ದೇಶಗಳ ಕೆಲವು ತಯಾರಕರ ಚಾಕುಗಳು ನಾನೂರು ಡಾಲರಿಗೂ ಮೇಲ್ಪಟ್ಟ ಬೆಲೆಗೆ ಮಾರಾಟವಾಗುತ್ತವೆ. ಅವುಗಳನ್ನು ಕೊಳ್ಳುವವರು ಪ್ರಧಾನವಾಗಿ ನೋಡುವುದು ಎರಡೇ ಸಂಗತಿ: ಉಕ್ಕಿನ ಗುಣ ಮತ್ತು ಅಲಗು ತೆರೆದು ಮುಚ್ಚುವ ಸಲೀಸು. ಈ ಎರಡು ಜಗತ್ತುಗಳ ನಡುವೆ ಸಂಬಂಧವೇನೂ ಇಲ್ಲವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ದುಬಾರಿ ಚಾಕುವಿನ ಬೆಲೆ ಎಲ್ಲಿಂದ ಬರುತ್ತದೆ ಎಂಬುದನ್ನು ಬಿಡಿಸಿ ನೋಡಿದರೆ, ಅದರಲ್ಲಿ ಯಾವ ಭಾಗ ನಮ್ಮ ಕಸಿಗಾರನಿಗೆ ಉಪಯುಕ್ತ, ಯಾವ ಭಾಗ ಬರಿಯ ಶೋಕಿ ಎಂಬುದು ಸ್ಪಷ್ಟವಾಗುತ್ತದೆ. ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಆ ಲೆಕ್ಕ ಪ್ರಯೋಜನಕಾರಿ.

ಚಾಕು ಮೊಂಡಾದರೆ ನಷ್ಟ ಎಷ್ಟು?

ಪುತ್ತೂರಿನ ಕೆಮ್ಮಿಂಜೆಯಲ್ಲಿ 1986ರಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಇಂದಿನ ಗೇರು ಸಂಶೋಧನಾ ನಿರ್ದೇಶನಾಲಯ ಅದೇ. ಗೇರಿನಲ್ಲಿ ಮೃದುಕಾಂಡ ಕಸಿ ಪದ್ಧತಿ ಈ ಭಾಗದ ನರ್ಸರಿಗಳಲ್ಲಿ ಮನೆಮಾತಾಗುವುದರಲ್ಲಿ ಈ ಸಂಸ್ಥೆಯ ಪಾತ್ರ ದೊಡ್ಡದು. ಎಳೆಯ ಬೀಜದ ಸಸಿಯ ತಲೆಯನ್ನು ಕತ್ತರಿಸಿ, ಉಳಿದ ಕಾಂಡವನ್ನು ನಡುವೆ ಸೀಳಿ, ಆಯ್ದ ತಾಯಿಮರದ ಪೆನ್ಸಿಲ್ ಗಾತ್ರದ ಕಡ್ಡಿಯನ್ನು ಬೆಣೆಯಂತೆ ಎರಡೂ ಬದಿ ಹೆರೆದು ಸೀಳಿನೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯುವುದು ಇದರ ಕ್ರಮ. ಜಾಯಿಕಾಯಿಯಲ್ಲಿ ಬೀಜದ ಗಿಡ ಗಂಡೋ ಹೆಣ್ಣೋ ಎಂದು ಹೂ ಬಿಡುವವರೆಗೆ ತಿಳಿಯದಿರುವುದರಿಂದ ಕಸಿ ಅನಿವಾರ್ಯ. ಕಾಳುಮೆಣಸನ್ನು ಸೊರಗು ರೋಗ ತಡೆಯುವ ಅಮೆಜಾನ್ ಮೂಲದ ಕಾಡುಜಾತಿಯ ಬೇರಿನ ಮೇಲೆ ಕಸಿ ಮಾಡುವುದು ಈಗ ಅಡಿಕೆ ತೋಟಗಳಲ್ಲಿ ಸಾಮಾನ್ಯ. ರಬ್ಬರಿನಲ್ಲಿಯಂತೂ ಕಣ್ಣು ಕಸಿಯೇ ಆಧಾರ. ಭಾರತೀಯ ರಬ್ಬರು ಸಂಶೋಧನಾ ಸಂಸ್ಥೆಯ ತಳಿ ಅಭಿವೃದ್ಧಿ ಉಪಕೇಂದ್ರವೊಂದು ಕಡಬ ತಾಲ್ಲೂಕಿನ ನೆಟ್ಟಣದಲ್ಲಿಯೇ ಇದೆ.

ಈ ಎಲ್ಲ ಕಸಿಗಳಲ್ಲಿಯೂ ಸಸಿ ಮತ್ತು ಕಡ್ಡಿಗಳ ತೊಗಟೆಯ ಕೆಳಗಿರುವ ಕೇಂಬಿಯಂ ಎಂಬ ತೆಳುಪದರಗಳು ಒಂದನ್ನೊಂದು ಮುಟ್ಟಬೇಕು. ಒಂದೇ ಎಳೆತದಲ್ಲಿ ನುಣುಪಾಗಿ, ಮಟ್ಟಸವಾಗಿ ಕತ್ತರಿಸಿದ ಮುಖಗಳು ಬೆಸೆಯುತ್ತವೆ. ಮೊಂಡಾದ ಅಲಗು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಜಜ್ಜಿದ ಜೀವಕೋಶಗಳು ಕಪ್ಪಾಗಿ ಸಾಯುತ್ತವೆ, ನಡುವೆ ಉಳಿದ ಸಂದಿಯಲ್ಲಿ ನೀರು ನಿಂತು ಶಿಲೀಂಧ್ರ ಸೇರುತ್ತದೆ. ಉದಾಹರಣೆಗೆ, ಋತುವೊಂದರಲ್ಲಿ ಇಪ್ಪತ್ತು ಸಾವಿರ ಕಸಿ ಕಟ್ಟುವ ನರ್ಸರಿಯೊಂದನ್ನು ಊಹಿಸಿಕೊಳ್ಳಬಹುದು. ನೂರಕ್ಕೆ ಎಂಬತ್ತು ಬದುಕುವಲ್ಲಿ ಎಪ್ಪತ್ತೈದು ಬದುಕಿದರೆ ಕಳೆದುಹೋಗುವುದು ಒಂದು ಸಾವಿರ ಗಿಡ. ಗಿಡವೊಂದಕ್ಕೆ ನಲವತ್ತು ರೂಪಾಯಿಯಂತೆ ಹಿಡಿದರೂ ನಷ್ಟ ನಲವತ್ತು ಸಾವಿರ. ಅತ್ಯುತ್ತಮವಾದ ಕಸಿ ಚಾಕುವಿನ ಬೆಲೆ ಇದರ ಸಣ್ಣದೊಂದು ಅಂಶ. ಸೋತ ಕಸಿಗೆ ಚಾಕು ಒಂದೇ ಕಾರಣವಲ್ಲ ಎಂಬುದು ನಿಜ. ಕಡ್ಡಿಯ ಬಲಿತ, ಹವೆಯ ತೇವ, ಕೈಯ ಅನುಭವ ಎಲ್ಲವೂ ಇವೆ. ಆದರೆ ಅವುಗಳ ಪೈಕಿ ಹಣ ಕೊಟ್ಟು ತಕ್ಷಣ ಸರಿಪಡಿಸಬಹುದಾದದ್ದು ಚಾಕು ಮಾತ್ರ.

ಸುಳ್ಯ ತಾಲ್ಲೂಕಿನ ಸಂಪಾಜೆ, ಅರಂತೋಡು, ಮರ್ಕಂಜ ಮುಂತಾದೆಡೆ ಅಡಿಕೆಯ ಹಳದಿ ಎಲೆ ರೋಗದಿಂದ ತೋಟ ಕಳೆದುಕೊಂಡ ಕುಟುಂಬಗಳು ಪರ್ಯಾಯ ಬೆಳೆಗಳ ಕಸಿಗಿಡಗಳನ್ನೇ ನೆಚ್ಚಿಕೊಂಡಿವೆ. ಅಂಥವರ ಅಂಗಳದಲ್ಲಿ ಒಣಗಿದ ಪ್ರತಿ ಕಸಿಗಿಡವೂ ಒಂದು ವರ್ಷದ ವಿಳಂಬ.

ಫ್ಲಿಪ್ಪರ್ ಎಂದರೇನು?

ನಮ್ಮಲ್ಲಿ ಪೀಶಕತ್ತಿ, ಮೆಟ್ಟುಕತ್ತಿ, ಅಡಕತ್ತರಿ ಎಂದು ಒಂದೊಂದು ಕೆಲಸಕ್ಕೆ ಒಂದೊಂದು ಅಲಗು ಹುಟ್ಟಿಕೊಂಡಂತೆ, ಪಶ್ಚಿಮದಲ್ಲಿ ಕಿಸೆಯ ಚಾಕುವಿನ ಹತ್ತಾರು ಪ್ರಭೇದಗಳು ಹುಟ್ಟಿವೆ. ಹಳೆಯ ಕಿಸೆಚಾಕುವಿನಲ್ಲಿ ಉಗುರು ಸಿಕ್ಕಿಸುವ ಗೀರಿರುತ್ತದೆ. ಎರಡು ಕೈ ಬೇಕು. ಫ್ಲಿಪ್ಪರ್ ಚಾಕುವಿನಲ್ಲಿ ಅಲಗಿನ ಬುಡದಿಂದ ಸಣ್ಣ ನಾಲಗೆಯೊಂದು ಹಿಡಿಯ ಬೆನ್ನಿನಾಚೆಗೆ ಚಾಚಿಕೊಂಡಿರುತ್ತದೆ. ತೋರುಬೆರಳಿನಿಂದ ಆ ನಾಲಗೆಯನ್ನು ಒತ್ತಿದೊಡನೆ ಅಲಗು ತಿರುಗಿ ಹೊರಬಂದು ಬೀಗಗೊಳ್ಳುತ್ತದೆ. ಒಳಗೆ ಸ್ಪ್ರಿಂಗ್ ಇರುವುದಿಲ್ಲ. ಹಿಡಿಯ ಬದಿಯಲ್ಲಿರುವ ಪುಟ್ಟ ಗುಂಡು ಅಲಗಿನ ಮೇಲಿನ ಗುಳಿಯೊಂದರಲ್ಲಿ ಕುಳಿತು ಅಲಗನ್ನು ತಡೆದಿಟ್ಟಿರುತ್ತದೆ. ಬೆರಳಿನ ಒತ್ತಡ ಆ ತಡೆಯನ್ನು ಮೀರಿದ ಕ್ಷಣದಲ್ಲಿ ಕೂಡಿಟ್ಟ ಬಲವೆಲ್ಲವೂ ಅಲಗಿಗೆ ವೇಗವಾಗಿ ಸಿಗುತ್ತದೆ. ತಡೆ ದುರ್ಬಲವಾದರೆ ಅಲಗು ಅರ್ಧಕ್ಕೆ ನಿಲ್ಲುತ್ತದೆ, ಕಿಸೆಯಲ್ಲಿ ತಾನಾಗಿ ತೆರೆದುಕೊಳ್ಳುವ ಅಪಾಯವೂ ಉಂಟು. ತಡೆ ಅತಿಯಾದರೆ ಬೆರಳು ನೋಯುತ್ತದೆ. ಇವೆರಡರ ನಡುವಿನ ಹದವನ್ನು ಸಾವಿರ ಚಾಕುಗಳಲ್ಲಿಯೂ ಒಂದೇ ತೆರನಾಗಿ ತರುವುದಕ್ಕಾಗಿಯೇ ಗ್ರಾಹಕ ಹಣ ಕೊಡುತ್ತಾನೆ.

ಅಲಗಿನ ಬುಡದ ನಾಲಗೆಯಿಂದ ಚಾಕು ತೆರೆಯುವ ಕಲ್ಪನೆ ಹೊಸದೇನಲ್ಲ. ಜಪಾನಿನ ಹಿಯೊಗೊ ಪ್ರಾಂತದ ಮಿಕಿ ಪಟ್ಟಣದ ಹಿಗೊನೊಕಾಮಿ ಎಂಬ ಅಗ್ಗದ ಕಿಸೆಚಾಕುವಿನಲ್ಲಿ ಬುಡದ ಬಾಲವನ್ನು ಹೆಬ್ಬೆರಳಿನಿಂದ ಒತ್ತಿ ತೆರೆಯುತ್ತಾರೆ, ಬೀಗವಿಲ್ಲದ ಕಾರಣ ಒತ್ತಿಯೇ ಹಿಡಿದುಕೊಳ್ಳುತ್ತಾರೆ. ಇಂದಿನ ರೂಪದ ಫ್ಲಿಪ್ಪರನ್ನು ಜನಪ್ರಿಯಗೊಳಿಸಿದವರಲ್ಲಿ ಅಮೆರಿಕದ ಚಾಕು ತಯಾರಕ ಕಿಟ್ ಕಾರ್ಸನ್ ಮುಖ್ಯರು. ಅದಕ್ಕೆ ಮುನ್ನವೇ 1980ರ ದಶಕದಲ್ಲಿ ಮೈಕೆಲ್ ವಾಕರ್ ಹಿಡಿಯ ಒಳತಗಡೇ ಬಾಗಿ ಅಲಗಿನ ಬುಡಕ್ಕೆ ಅಡ್ಡ ನಿಲ್ಲುವ ಲೈನರ್ ಲಾಕನ್ನು ಬಳಕೆಗೆ ತಂದಿದ್ದರು. ದಕ್ಷಿಣ ಆಫ್ರಿಕದಿಂದ ಅಮೆರಿಕದ ಐಡಾಹೊಗೆ ವಲಸೆ ಹೋದ ಕ್ರಿಸ್ ರೀವ್ ಇದನ್ನು ಇನ್ನೊಂದು ಹೆಜ್ಜೆ ಮುಂದೊಯ್ದು, ಟೈಟೇನಿಯಂ ಹಿಡಿಯ ಒಂದು ಬದಿಯನ್ನೇ ಸೀಳಿ ಬೀಗವಾಗಿಸಿದರು. ಅವರ ಪ್ರಸಿದ್ಧ ಚಾಕುವಿನ ಹೆಸರು ಸೆಬೆಂಜಾ. ಜುಲು ಭಾಷೆಯಲ್ಲಿ ಅದರ ಅರ್ಥ ‘ಕೆಲಸ’.

ವಾಷರೋ ಬೇರಿಂಗೋ?

ಸಲೀಸಿನ ಗುಟ್ಟು ಇರುವುದು ಅಲಗು ತಿರುಗುವ ಮೊಳೆಯಲ್ಲಿ, ಅಂದರೆ ಪಿವಟ್‌ನಲ್ಲಿ. ಅಲಗು ಮತ್ತು ಹಿಡಿಯ ನಡುವೆ ಏನಿದೆ ಎಂಬುದೇ ಪ್ರಶ್ನೆ. ಅಗ್ಗದ ಚಾಕುವಿನಲ್ಲಿ ಏನೂ ಇರುವುದಿಲ್ಲ, ಲೋಹ ಲೋಹಕ್ಕೆ ಉಜ್ಜುತ್ತದೆ. ಅದಕ್ಕಿಂತ ಮೇಲಿನ ದರ್ಜೆಯಲ್ಲಿ ಪ್ಲಾಸ್ಟಿಕ್ ಅಥವಾ ಫಾಸ್ಫರ್ ಬ್ರಾಂಜ್ ವಾಷರುಗಳಿರುತ್ತವೆ. ಸೆಬೆಂಜಾದಲ್ಲಿರುವುದು ಫಾಸ್ಫರ್ ಬ್ರಾಂಜ್. ಅದು ಫ್ಲಿಪ್ಪರ್ ಅಲ್ಲ, ಹೆಬ್ಬೆರಳಿನ ಗುಬುಟಿನಿಂದ ತೆರೆಯುವಂಥದ್ದು. ಬ್ರೆಜಿಲಿನ ‘ಇಕೊಮಾ ಕೊರ್ಥ್’ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಪದ್ಧತಿಯಲ್ಲಿ ವಾಷರಿನ ಬದಲು ಪುಟ್ಟ ಗುಂಡುಗಳ ಸಾಲನ್ನೇ ಅಳವಡಿಸುತ್ತಾರೆ. ಇಂದು ಉನ್ನತ ದರ್ಜೆಯ ಫ್ಲಿಪ್ಪರುಗಳಲ್ಲಿ ಬಹುಪಾಲು ಬೇರಿಂಗಿನವು. ರಷ್ಯಾದ ಕಿರೊವ್ ನಗರದ ಶಿರೊಗೊರೊವ್ ಚಾಕುಗಳಲ್ಲಿ ಒಂದಕ್ಕಿಂತ ಹೆಚ್ಚು ಸುತ್ತಿನ ಗುಂಡುಗಳನ್ನು ಜೋಡಿಸಿದ ಮಾದರಿಗಳೂ ಇವೆ, ಚಾಕುಪ್ರಿಯರು ಸಲೀಸಿಗೆ ಉದಾಹರಣೆಯಾಗಿ ಹೆಸರಿಸುವುದು ಅವನ್ನೇ.

ಅಂಗಡಿಯ ಮೇಜಿನ ಮೇಲೆ ಎರಡನ್ನೂ ಇಟ್ಟು ತೆರೆದು ನೋಡಿದರೆ ಬೇರಿಂಗಿನದೇ ಗೆಲುವು. ಬೀಗ ಸರಿಸಿದರೆ ಅಲಗು ತನ್ನ ಭಾರಕ್ಕೇ ಬಿದ್ದು ಮುಚ್ಚಿಕೊಳ್ಳುತ್ತದೆ. ವಾಷರಿನ ಚಾಕು ಎಣ್ಣೆಯಲ್ಲಿ ಜಾರಿದಂತೆ ನಿಧಾನವಾಗಿ, ಗಂಭೀರವಾಗಿ ಚಲಿಸುತ್ತದೆ. ಆದರೆ ಸಲೀಸು ಬೇರೆ, ಬಾಳಿಕೆ ಬೇರೆ. ಗುಂಡುಗಳು ಹಿಡಿಯ ಲೋಹವನ್ನು ಒಂದೊಂದು ಬಿಂದುವಿನಲ್ಲಿ ಮಾತ್ರ ಮುಟ್ಟುತ್ತವೆ. ಟೈಟೇನಿಯಂ ಹಗುರ ಮತ್ತು ತುಕ್ಕುರಹಿತವಾದರೂ ಹದಗೊಳಿಸಿದ ಉಕ್ಕಿನಷ್ಟು ಗಡುಸಲ್ಲ. ಆದ್ದರಿಂದ ಗುಂಡುಗಳ ಕೆಳಗೆ ಗಡಸು ಉಕ್ಕಿನ ಬಿಲ್ಲೆ ಇಡದಿದ್ದರೆ ಕಾಲಕ್ರಮದಲ್ಲಿ ಗುಳಿಗಳು ಮೂಡಿ ಅಲಗು ಅಲುಗಾಡತೊಡಗುತ್ತದೆ. ಎರಡನೆಯದಾಗಿ, ಗುಂಡುಗಳ ನಡುವಿನ ಸಂದಿ ಮರಳಿಗೆ ಆಹ್ವಾನ.

ಕಸಿ ಶೆಡ್ಡಿನ ವಾತಾವರಣವನ್ನು ಇಲ್ಲಿ ನೆನೆಯಬೇಕು. ಪಾಲಿಥೀನ್ ಚೀಲಕ್ಕೆ ತುಂಬುವ ಕೆಂಪುಮಣ್ಣು, ಮರಳು, ಹಟ್ಟಿಗೊಬ್ಬರದ ಮಿಶ್ರಣ ಕೈಯಲ್ಲಿಯೇ ಇರುತ್ತದೆ. ಅದರ ಮೇಲೆ ಹಲಸಿನ ಮೇಣ, ರಬ್ಬರಿನ ಹಾಲು, ಗೇರಿನ ಸೊನೆ. ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರು ಸುರಿಯುವ ಮಳೆ. ಇಂಥಲ್ಲಿ ಬೇರಿಂಗಿನ ಚಾಕು ಒಂದು ವಾರದಲ್ಲಿ ಕರಕರ ಸದ್ದು ಮಾಡತೊಡಗುತ್ತದೆ. ವಾಷರಿನ ಚಾಕುವಿನಲ್ಲಿ ಸಂದಿಯೇ ಇಲ್ಲದ್ದರಿಂದ ಮಣ್ಣು ಒಳನುಗ್ಗುವುದು ಕಷ್ಟ. ನುಗ್ಗಿದರೂ ತಿರುಪು ಬಿಚ್ಚಿ ಒರೆಸಿ ಮರುಜೋಡಿಸುವುದು ಹತ್ತು ನಿಮಿಷದ ಕೆಲಸ. ಬೇರಿಂಗಿನ ಪಂಜರದಿಂದ ಒಂದು ಗುಂಡು ನೆಲಕ್ಕೆ ಬಿದ್ದರೆ ಹುಡುಕುವವರಾರು?

ಹಲಸಿನ ಮೇಣ ಅಂಟದಿರಲು ಚಾಕುವಿಗೂ ಕೈಗೂ ತೆಂಗಿನೆಣ್ಣೆ ಸವರುವುದು ಕರಾವಳಿಯ ಮನೆಮನೆಯ ರೂಢಿ. ಅಲಗಿಗೆ ಅದು ಒಳ್ಳೆಯದೇ. ಆದರೆ ಪಿವಟ್‌ಗೆ ಅದನ್ನೇ ಬಿಡುವವರು ಒಂದು ಮಾತು ನೆನಪಿಡಬೇಕು: ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್ಸಿನ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಮುಂಜಾನೆ ಸುಳ್ಯದಲ್ಲಿ ಚಾಕು ತೆರೆಯದಿದ್ದರೆ ದೋಷ ತಯಾರಕನದ್ದಲ್ಲ. ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಸಾಕು. ಒಳಸೇರಿದ ಮೇಣವನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೊದಲು ತೆಗೆದಿರಬೇಕು, ಅಷ್ಟೆ.

ಉಕ್ಕಿನ ವಿಚಾರ

ದುಬಾರಿ ಚಾಕುಗಳ ಜಾಹೀರಾತಿನಲ್ಲಿ ಉಕ್ಕಿನ ಸಂಕೇತಾಕ್ಷರಗಳೇ ಮೊದಲು ಕಾಣುತ್ತವೆ. ಅಮೆರಿಕದ ಕ್ರೂಸಿಬಲ್ ಸಂಸ್ಥೆ 2001ರಲ್ಲಿ ತಂದ ಎಸ್ 30 ವಿ, ಆಸ್ಟ್ರಿಯದ ಬೋಲರ್ ಸಂಸ್ಥೆಯ ಎಂ 390, ಲೋಹತಜ್ಞ ಲಾರಿನ್ ಥಾಮಸ್ ರೂಪಿಸಿ 2021ರಲ್ಲಿ ಮಾರುಕಟ್ಟೆಗೆ ಬಂದ ಮ್ಯಾಗ್ನಾಕಟ್ ಇವು ಅವುಗಳಲ್ಲಿ ಕೆಲವು. ಕರಗಿದ ಉಕ್ಕನ್ನು ಪುಡಿಯಾಗಿಸಿ, ಆ ಪುಡಿಯನ್ನು ಶಾಖ ಮತ್ತು ಒತ್ತಡದಲ್ಲಿ ಮತ್ತೆ ಗಟ್ಟಿಯಾಗಿಸುವ ವಿಧಾನದಿಂದ ತಯಾರಾಗುವ ಇವುಗಳ ಗಡಸುತನ ರಾಕ್‌ವೆಲ್ ಮಾಪನದಲ್ಲಿ 60ರ ಆಸುಪಾಸು. ಅವುಗಳೊಳಗಿನ ವನೇಡಿಯಂ ಕಾರ್ಬೈಡ್ ಕಣಗಳು ಸವೆತವನ್ನು ತಡೆಯುತ್ತವೆ. ರಟ್ಟು, ಹಗ್ಗ ಕೊಯ್ಯುವವನಿಗೆ ಇದು ವರದಾನ. ವ್ಯಾಪಾರದ ಒಂದು ಸೂಕ್ಷ್ಮವನ್ನೂ ಇಲ್ಲಿ ಗಮನಿಸಬಹುದು. ಇಷ್ಟು ಹೆಸರು ಮಾಡಿದ ಕ್ರೂಸಿಬಲ್ 2024ರ ಡಿಸೆಂಬರಿನಲ್ಲಿ ದಿವಾಳಿ ರಕ್ಷಣೆ ಕೋರಿತು. ಮರುವರ್ಷ ಅದರ ಆಸ್ತಿಗಳು ಎರಾಸ್ಟೀಲ್ ಸಂಸ್ಥೆಯ ಪಾಲಾದವು. ಕಚ್ಚಾ ಉಕ್ಕಿಗೆ ಒಬ್ಬನನ್ನೇ ನಂಬಿದ ಚಾಕು ತಯಾರಕರು ಆ ತಿಂಗಳುಗಳಲ್ಲಿ ಪರದಾಡಬೇಕಾಯಿತು.

ಕಸಿಗಾರನಿಗೆ ಈ ಉಕ್ಕುಗಳಿಂದ ಪ್ರಯೋಜನ ಅರ್ಧ ಮಾತ್ರ. ಹಸಿ ಕಾಂಡವನ್ನು ಕತ್ತರಿಸುವಾಗ ಅಲಗು ಬೇಗ ಸವೆಯುವುದಿಲ್ಲ. ಅಲ್ಲಿ ಬೇಕಾದದ್ದು ಕ್ಷೌರದ ಕತ್ತಿಯಂಥ ನವಿರಾದ ಬಾಯಿ, ಮತ್ತು ಅದನ್ನು ಶೆಡ್ಡಿನಲ್ಲಿಯೇ ಐದು ನಿಮಿಷದಲ್ಲಿ ಮರಳಿ ತರುವ ಅನುಕೂಲ. ವನೇಡಿಯಂ ಹೆಚ್ಚಿರುವ ಉಕ್ಕನ್ನು ಸಾಮಾನ್ಯ ಸಾಣೆಕಲ್ಲಿನಲ್ಲಿ ಮಸೆಯುವುದು ಬೇಸರದ ಕೆಲಸ, ವಜ್ರಪುಡಿಯ ಫಲಕ ಬೇಕಾಗುತ್ತದೆ. ಇಂಗಾಲದ ಸಾದಾ ಉಕ್ಕಾದರೋ ಕಲ್ಲಿನ ಮೇಲೆ ನಾಲ್ಕು ಎಳೆತ, ತೊಗಲಿನ ಮೇಲೆ ಹತ್ತು ಎಳೆತಕ್ಕೆ ಸಿದ್ಧ. ಅದರ ದೋಷ ತುಕ್ಕು. ಹಣ್ಣಿನ ಗಿಡಗಳ ಒಗರು ರಸ ತಗುಲಿದೊಡನೆ ಕಬ್ಬಿಣ ಕಪ್ಪಾಗುತ್ತದೆ, ಮಳೆಗಾಲದಲ್ಲಿ ರಾತ್ರಿ ಕಳೆಯುವುದರೊಳಗೆ ಕೆಂಪು ಚುಕ್ಕೆಗಳು ಮೂಡುತ್ತವೆ. ರೋಗ ಹರಡದಿರಲು ಅಲಗನ್ನು ಆಗಾಗ್ಗೆ ಸ್ಪಿರಿಟ್ ಅಥವಾ ಬ್ಲೀಚಿಂಗ್ ದ್ರಾವಣದಿಂದ ಒರೆಸುವ ನರ್ಸರಿಗಳಲ್ಲಿ, ವಿಶೇಷವಾಗಿ ಬ್ಲೀಚಿಂಗ್ ಬಳಸುವಲ್ಲಿ, ಇಂಗಾಲದ ಉಕ್ಕು ಬೇಗ ಹಾಳಾಗುತ್ತದೆ.

ಕಪಾಟಿನಲ್ಲಿರುವ ಚಾಕುಗಳು

ವಿಶೇಷವಾಗಿ ಕಸಿಗೆಂದೇ ತಯಾರಾಗುವ ವಿದೇಶಿ ಚಾಕುಗಳಲ್ಲಿ ಮೂರು ಹೆಸರುಗಳು ತೋಟಗಾರರಿಗೆ ಚಿರಪರಿಚಿತ. ಜರ್ಮನಿಯ ರಾಯ್ಟ್‌ಲಿಂಗನ್ ಪಟ್ಟಣದಲ್ಲಿ 1854ರಿಂದ ನಡೆದುಬಂದ ಟೀನಾ ಸಂಸ್ಥೆಯ ಚಾಕುಗಳು ಇಂಗಾಲದ ಉಕ್ಕಿನವು. ಒಂದು ಬದಿ ಪೂರ್ತಿ ಚಪ್ಪಟೆ, ಇನ್ನೊಂದು ಬದಿ ಮಾತ್ರ ಇಳಿಜಾರು. ಕಡ್ಡಿಯನ್ನು ಹೆರೆಯುವಾಗ ಚಪ್ಪಟೆ ಬದಿ ಮರಗೆಲಸದ ಉಳಿಯಂತೆ ನೇರವಾಗಿ ಸಾಗಿ ಮಟ್ಟಸವಾದ ಮುಖ ಕೊಡುತ್ತದೆ. ಕಸಿ ಚಾಕುವಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಗುಣ ಇದೇ, ಮತ್ತು ದುಬಾರಿ ಫ್ಲಿಪ್ಪರ್ ಯಾವುದರಲ್ಲಿಯೂ ಸಾಮಾನ್ಯವಾಗಿ ಇಲ್ಲದ ಗುಣವೂ ಇದೇ. ಫ್ಲಿಪ್ಪರುಗಳ ಅಲಗು ಎರಡೂ ಬದಿ ಇಳಿಜಾರಾಗಿ, ತುದಿ ಬಾಗಿ, ಬಾಯಿಯ ಹಿಂಭಾಗ ದಪ್ಪವಾಗಿರುತ್ತದೆ. ಅದರಿಂದ ಹೆರೆದ ಬೆಣೆ ದೋಣಿಯ ತಳದಂತೆ ಉಬ್ಬಿಕೊಳ್ಳುತ್ತದೆ.

ಸ್ವಿಟ್ಜರ್ಲೆಂಡಿನ ಈಬಾಖ್‌ನಲ್ಲಿ 1884ರಲ್ಲಿ ಕಾರ್ಲ್ ಎಲ್ಸೆನರ್ ಆರಂಭಿಸಿದ ವಿಕ್ಟೋರಿನಾಕ್ಸ್ ಸಂಸ್ಥೆಯ ಕಸಿ ಚಾಕುಗಳು ತುಕ್ಕು ಹಿಡಿಯದ ಉಕ್ಕಿನವು. ಗಡಸುತನ ರಾಕ್‌ವೆಲ್ 56ರ ಸಮೀಪ. ಎಂ 390ಕ್ಕೆ ಹೋಲಿಸಿದರೆ ಮೆತು. ಚಾಕುಪ್ರಿಯರು ಇದನ್ನು ಕೊರತೆಯೆಂದು ಎಣಿಸುತ್ತಾರೆ. ಆದರೆ ಸಾದಾ ಕಲ್ಲಿನಲ್ಲಿ ಬೇಗ ಮಸೆಯಬಹುದಾದ, ಮಳೆಗೆ ಹೆದರದ ಉಕ್ಕು ಸುಳ್ಯದ ಶೆಡ್ಡಿಗೆ ಹೇಳಿ ಮಾಡಿಸಿದಂತಿದೆ. ರಬ್ಬರಿನ ಕಣ್ಣು ಕಸಿಗೆ ತೊಗಟೆ ಎಬ್ಬಿಸುವ ನಾಲಗೆಯಿರುವ ಮಾದರಿಗಳೂ ಇವೆ. ತೆರೆಯುವ ಸಲೀಸಿನಲ್ಲಿ ಇವು ಫ್ಲಿಪ್ಪರಿನ ಹತ್ತಿರವೂ ಸುಳಿಯಲಾರವು: ಉಗುರು ಸಿಕ್ಕಿಸಿ ಎಳೆಯಬೇಕು, ಬೆನ್ನಿನ ಸ್ಪ್ರಿಂಗ್ ಟಪ್ಪೆಂದು ಕೂರುತ್ತದೆ. ಬೆಳಿಗ್ಗೆ ತೆರೆದು ಸಂಜೆ ಮುಚ್ಚುವವನಿಗೆ ಅದರಿಂದ ತೊಂದರೆಯೇನೂ ಇಲ್ಲ.

ಫ್ರಾನ್ಸಿನ ಸವಾಯ್ ಪ್ರಾಂತದ ಒಪಿನೆಲ್ 1890ರಿಂದ ಇರುವ ಚಾಕು. ಬೀಚ್ ಮರದ ಹಿಡಿ, ಅತಿ ತೆಳುವಾದ ಅಲಗು, 1955ರಲ್ಲಿ ಸೇರಿಸಿದ ತಿರುಗುವ ಬಳೆಯ ಬೀಗ. ಬೆಲೆಗೆ ಹೋಲಿಸಿದರೆ ಇದರ ಕತ್ತರಿಸುವ ಗುಣ ಅಚ್ಚರಿ ಹುಟ್ಟಿಸುವಂಥದ್ದು. ಆದರೆ ಅಲಗು ಕುಳಿತಿರುವುದು ಮರದ ಸೀಳಿನಲ್ಲಿ. ಮರ ನೀರು ಕುಡಿದು ಉಬ್ಬಿದರೆ ಅಲಗು ಬಿಗಿದುಕೊಳ್ಳುತ್ತದೆ. ಆಲ್ಪ್ಸ್ ಪರ್ವತದ ಒಣಹವೆಗೆ ಹುಟ್ಟಿದ ಚಾಕು ಜೂನ್ ತಿಂಗಳ ಅಜ್ಜಾವರದಲ್ಲಿ ಬಾಯಿ ಬಿಡಲು ಹಠ ಮಾಡಿದರೆ ಆಶ್ಚರ್ಯವಿಲ್ಲ. ಹಿಡಿಯನ್ನು ಒಣಗಿಸಿ ಅಗಸೆ ಎಣ್ಣೆ ಅಥವಾ ಮೇಣ ಕುಡಿಸಿದರೆ ಸಮಸ್ಯೆ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ಸ್ವದೇಶಿ ಚಾಕುಗಳಲ್ಲಿ ಲುಧಿಯಾನ ಕಡೆಯ ತೋಟಗಾರಿಕೆ ಉಪಕರಣ ತಯಾರಕರವು ಎಲ್ಲೆಡೆ ಸಿಗುತ್ತವೆ. ಬೆಲೆ ಹಗುರ, ಒಟ್ಟು ಆಕಾರ ಸರಿ. ಈ ದರ್ಜೆಯ ಚಾಕುಗಳಲ್ಲಿ ಚಪ್ಪಟೆಯಾಗಿರಬೇಕಾದ ಬದಿ ನಿಜಕ್ಕೂ ಚಪ್ಪಟೆಯಾಗಿದೆಯೇ ಎಂಬುದನ್ನು ಒಂದೊಂದಾಗಿ ನೋಡಿ ಆರಿಸಬೇಕು. ಕೊಂಡ ಬಳಿಕ ಅರ್ಧ ಗಂಟೆ ಕಲ್ಲಿನ ಮೇಲೆ ಉಜ್ಜಿ ಸಮ ಮಾಡಿಕೊಂಡರೆ ಅನೇಕವು ಚೆನ್ನಾಗಿಯೇ ಕೆಲಸ ಕೊಡುತ್ತವೆ.

ಇನ್ನು ವಾಸ್ತವದಲ್ಲಿ ಅನೇಕ ಕಸಿಗಾರರು ಬಳಸುವುದು ಇದಾವುದನ್ನೂ ಅಲ್ಲ, ಮುರಿಯುವ ಬ್ಲೇಡಿನ ಪೇಪರ್ ಕಟರ್ ಅಥವಾ ಶಸ್ತ್ರಚಿಕಿತ್ಸೆಯ ಬ್ಲೇಡು. ಮಸೆಯುವ ಗೋಜಿಲ್ಲ, ಮೊಂಡಾದರೆ ಎಸೆಯುವುದು. ಮೆಣಸು, ಎಳೆಯ ಗೇರು ಮುಂತಾದ ಮೆತ್ತನೆಯ ಕಾಂಡಗಳಿಗೆ ಇದು ಸಾಕಷ್ಟು ಸಮರ್ಪಕವೆಂಬುದನ್ನು ಒಪ್ಪಲೇಬೇಕು. ಬಲಿತ ಕಡ್ಡಿಗೆ ಬಂದಾಗ ತೆಳುಬ್ಲೇಡು ಬಾಗಿ ಮುಖ ಡೊಂಕಾಗುತ್ತದೆ, ಕೆಲವೊಮ್ಮೆ ಮುರಿದು ಬೆರಳಿಗೇ ತಾಗುತ್ತದೆ. ನೆಲಕ್ಕೆಸೆದ ಚೂರುಗಳು ಬರಿಗಾಲಿನಲ್ಲಿ ಓಡಾಡುವ ಕೆಲಸದವರ ಪಾಲಿಗೆ ಅಪಾಯ.

ಒಟ್ಟಿನಲ್ಲಿ ತೂಗಿ ನೋಡಿದರೆ, ಮಳೆಗಾಲದ ಮಿಶ್ರ ಕಸಿಗೆ ಒಂದೇ ಚಾಕು ಇಡುವವರಿಗೆ ತುಕ್ಕುರಹಿತ ಉಕ್ಕಿನ, ಲೋಹದ ಒಳತಗಡಿನ, ಒಂದು ಬದಿ ಚಪ್ಪಟೆಯಾದ ಕಸಿ ಚಾಕುವೇ ಮೇಲು. ಪಳಗಿದ ಕೈಯ, ಚಾಕುವನ್ನು ನಿತ್ಯ ಒರೆಸಿಡುವ ಶಿಸ್ತಿನ ಕಸಿಗಾರನಿಗೆ ಇಂಗಾಲದ ಉಕ್ಕಿನದು. ನಾನೂರು ಡಾಲರಿನ ಫ್ಲಿಪ್ಪರನ್ನು ಸಂಗ್ರಹಕಾರರಿಗೆ ಬಿಡಬಹುದು.

ಗಲ್ಲಾಪೆಟ್ಟಿಗೆಯ ಬಳಿ ಪರೀಕ್ಷೆ

ಆದರೆ ಆ ಸಂಗ್ರಹಕಾರರು ಚಾಕುವನ್ನು ಪರೀಕ್ಷಿಸುವ ಕ್ರಮ ಅನುಕರಣೀಯ. ಅಲಗನ್ನು ತೆರೆದು, ತುದಿಯನ್ನು ಹಿಡಿದು ಪಕ್ಕಕ್ಕೆ ಅಲುಗಿಸಿದಾಗ ಆಡಬಾರದು. ಮೇಲೆ ಕೆಳಗೆ ಒತ್ತಿದಾಗ ಬೀಗ ಕದಲಬಾರದು. ಮುಚ್ಚಿದಾಗ ಅಲಗು ಹಿಡಿಯ ಎರಡು ಬದಿಗಳ ನಡುಮಧ್ಯದಲ್ಲಿ ನಿಂತಿರಬೇಕು. ಒಂದು ಬದಿಗೆ ವಾಲಿದರೆ ಪಿವಟ್‌ನ ರಂಧ್ರ ಓರೆಯಾಗಿದೆ ಎಂದರ್ಥ. ಲೈನರ್ ಲಾಕ್ ಇದ್ದರೆ ಬೀಗದ ತಗಡು ಅಲಗಿನ ಬುಡದ ದಪ್ಪದಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಆವರಿಸಿದ್ದರೆ ಒಳ್ಳೆಯದು: ತೀರ ಅಂಚಿನಲ್ಲಿ ನಿಂತರೆ ಜಾರಬಹುದು, ಹೊಸದರಲ್ಲಿಯೇ ಆಚೆ ಬದಿಗೆ ಮುಟ್ಟಿದ್ದರೆ ಸವೆಯಲು ಜಾಗವಿಲ್ಲ. ಕಸಿ ಚಾಕುವಾದರೆ ಚಪ್ಪಟೆ ಬದಿಗೆ ಉಕ್ಕಿನ ಅಳತೆಪಟ್ಟಿ ಒತ್ತಿಟ್ಟು ಬೆಳಕಿಗೆ ಹಿಡಿಯಬೇಕು. ನಡುವೆ ಬೆಳಕು ತೂರಿದರೆ ಅಲಗು ಉಬ್ಬುತಗ್ಗಾಗಿದೆ. ಇಷ್ಟಕ್ಕೂ ಎರಡು ನಿಮಿಷ ಬೇಕಿಲ್ಲ. ಸರಕು ಇಳಿಸಿಕೊಳ್ಳುವಾಗಲೇ ಮಾಡಿದರೆ ಹಿಂತಿರುಗಿ ಬರುವ ಚಾಕುಗಳ ಸಂಖ್ಯೆ ಇಳಿಯುತ್ತದೆ.

ಕಾನೂನು ಮತ್ತು ತೆರಿಗೆ

ಚಾಕು ಮಾರುವವರು ಕಾನೂನಿನ ಗಡಿಯನ್ನು ತಿಳಿದಿರಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳ ಪ್ರಕಾರ ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಅಲಗಿನ ಚಾಕುಗಳು ಶಸ್ತ್ರದ ವರ್ಗಕ್ಕೆ ಸೇರುತ್ತವೆ. ಗೃಹಬಳಕೆ, ಕೃಷಿ, ವೈಜ್ಞಾನಿಕ ಹಾಗೂ ಕೈಗಾರಿಕಾ ಉದ್ದೇಶಕ್ಕಾಗಿ ರೂಪಿಸಿದವುಗಳಿಗೆ ವಿನಾಯಿತಿಯಿದೆ. ಕಸಿ ಚಾಕು ಎರಡೂ ರೀತಿಯಿಂದ ಸುರಕ್ಷಿತ. ಗುಂಡಿ ಒತ್ತಿದರೆ ಸ್ಪ್ರಿಂಗಿನಿಂದ ಚಿಮ್ಮುವ ಚಾಕುಗಳ ಮಾತು ಬೇರೆ. ದೆಹಲಿಯಂಥ ಕಡೆ ಅವುಗಳ ಮೇಲೆ 1980ರಿಂದಲೇ ಅಧಿಸೂಚನೆಯಿದ್ದು, ಅಲ್ಲಿ ಅಲಗಿನ ಉದ್ದದ ಮಿತಿ ಇನ್ನೂ ಕಡಿಮೆ. ಫ್ಲಿಪ್ಪರಿನಲ್ಲಿ ಸ್ಪ್ರಿಂಗ್ ಇಲ್ಲವಾದರೂ ನೋಡುವವರ ಕಣ್ಣಿಗೆ ವ್ಯತ್ಯಾಸ ತಿಳಿಯದು. ಅರ್ಧ ತೆರೆದ ಮೇಲೆ ಸ್ಪ್ರಿಂಗ್ ನೆರವಾಗುವ ಮಾದರಿಗಳೂ ಇರುವುದರಿಂದ ಅಂಥ ಸರಕನ್ನು ತರಿಸುವ ಮುನ್ನ ವಿಚಾರಿಸಿಕೊಳ್ಳುವುದು ಕ್ಷೇಮ. ನಿಷೇಧಾಜ್ಞೆ ಜಾರಿಯಲ್ಲಿರುವ ದಿನಗಳಲ್ಲಂತೂ ಕಿಸೆಯಲ್ಲಿ ಚಾಕು ಸಾಗಿಸದಿರುವುದೇ ಲೇಸು.

ತೆರಿಗೆಯಲ್ಲಿ ಒಂದು ವೈಚಿತ್ರ್ಯವಿದೆ. ಕೃಷಿ, ತೋಟಗಾರಿಕೆಯ ಕೈ ಉಪಕರಣಗಳು, ಗಿಡ ಸವರುವ ಕತ್ತರಿಯೂ ಸೇರಿದಂತೆ, ಶೀರ್ಷಿಕೆ 8201ರ ಅಡಿ ಸರಕು ಮತ್ತು ಸೇವಾ ತೆರಿಗೆ ಜಾರಿಯಾದಂದಿನಿಂದ ವಿನಾಯಿತಿ ಪಡೆದಿವೆ. ಚಾಕುಗಳದು ಶೀರ್ಷಿಕೆ 8211. ‘ಗಿಡ ಸವರುವ ಚಾಕುಗಳೂ ಸೇರಿದಂತೆ’ ಎಂಬ ಮಾತು ಆ ಶೀರ್ಷಿಕೆಯಲ್ಲಿಯೇ ಇದೆ. 2022ರ ಜುಲೈ 18ರಂದು ಈ ಶೀರ್ಷಿಕೆಯ ದರವನ್ನು ಶೇ. 12ರಿಂದ ಶೇ. 18ಕ್ಕೆ ಏರಿಸಲಾಯಿತು. ಹೀಗೆ ಒಂದೇ ಕಪಾಟಿನ ಕತ್ತರಿಗೆ ತೆರಿಗೆಯಿಲ್ಲ, ಪಕ್ಕದ ಕಸಿ ಚಾಕುವಿಗೆ ತೆರಿಗೆ ಉಂಟು! 2025ರ ಸೆಪ್ಟೆಂಬರಿನಲ್ಲಿ ದರಪಟ್ಟಿ ಮರುಜೋಡಣೆಯಾಗಿರುವ ಕಾರಣ ಬಿಲ್ಲು ಬರೆಯುವ ಮುನ್ನ ಲೆಕ್ಕಪರಿಶೋಧಕರಲ್ಲಿ ಖಚಿತಪಡಿಸಿಕೊಳ್ಳಬೇಕು. ಒಂದೇ ಕಸುಬಿನ ಎರಡು ಉಪಕರಣಗಳಿಗೆ ಎರಡು ನ್ಯಾಯವೇಕೆಂದು ವಾಣಿಜ್ಯ ಸಂಘಗಳು ಕೇಳುವುದರಲ್ಲಿ ತಪ್ಪಿಲ್ಲ.

ಇಲ್ಲಿಯೇ ತಯಾರಿಸಲು ಸಾಧ್ಯವೇ?

ಎರಡು ಊರುಗಳ ಕಥೆ ಇಲ್ಲಿ ಪ್ರಸ್ತುತ. ಉತ್ತರ ಪ್ರದೇಶದ ರಾಂಪುರದ ಮಡಚುವ ಚಾಕು ಒಂದು ಕಾಲಕ್ಕೆ ದೇಶಪ್ರಸಿದ್ಧ. ಹಿಂದಿ ಸಿನಿಮಾಗಳ ಖಳನಾಯಕರು ಅದಕ್ಕೆ ಕುಖ್ಯಾತಿ ತಂದರು, ಸರ್ಕಾರ ಅಲಗಿನ ಉದ್ದಕ್ಕೆ ಮಿತಿ ಹೇರಿತು, ಕಸುಬು ಸೊರಗಿತು. 2023ರಲ್ಲಿ ಆ ಊರಿನ ವೃತ್ತವೊಂದರಲ್ಲಿ ಬೃಹತ್ ಚಾಕುವಿನ ಪ್ರತಿಕೃತಿಯನ್ನು ನಿಲ್ಲಿಸಿ ಹೆಸರನ್ನು ಉ‍ಳಿಸುವ ಯತ್ನ ನಡೆದಿದೆ. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದ ಯಾಂಗ್‌ಜಿಯಾಂಗ್ ಕೂಡ ಅಗ್ಗದ ಚಾಕುಗಳ ಊರೇ. ಅಲ್ಲಿಯ ಕಾರ್ಖಾನೆಗಳು ಪರದೇಶದ ಕಂಪೆನಿಗಳಿಗೆ ಅವರ ನಕ್ಷೆಯಂತೆ ಮಾಡಿಕೊಡುತ್ತ ಅಳತೆಯ ನಿಖರತೆ ಕಲಿತವು. ನಂತರ ವಿ ನೈಫ್, ರಿಯೇಟ್ ಮೊದಲಾದ ಸ್ವಂತ ಹೆಸರುಗಳಲ್ಲಿ ಟೈಟೇನಿಯಂ ಹಿಡಿಯ ಬೇರಿಂಗ್ ಫ್ಲಿಪ್ಪರುಗಳನ್ನು ಹೊರತಂದವು. ಇಂದು ಸಲೀಸಿನ ವಿಚಾರದಲ್ಲಿ ಅವು ಅಮೆರಿಕದ ಚಾಕುಗಳಿಗೆ ಸರಿಸಮವೆಂದು, ಕೆಲವೊಮ್ಮೆ ಮೇಲೆಂದು ಗ್ರಾಹಕರು ಎಣಿಸುತ್ತಾರೆ. ಬೆಲೆ ಮಾತ್ರ ಅರ್ಧದ ಆಸುಪಾಸು.

ದಕ್ಷಿಣ ಕನ್ನಡದ ಕಮ್ಮಾರರಿಗೆ ಕತ್ತಿ ಮಾಡುವ ವಿದ್ಯೆ ಹೊಸದಲ್ಲ. ಲಾರಿಯ ಸ್ಪ್ರಿಂಗ್ ಪ್ಲೇಟನ್ನು ಬಡಿದು ಮಾಡಿದ ಕತ್ತಿ ತಲೆಮಾರಿನವರೆಗೆ ಬಾಳುತ್ತದೆ. ಆದರೆ ತುಕ್ಕುರಹಿತ ಉಕ್ಕನ್ನು ಕುಲುಮೆಯಲ್ಲಿ ಹದಗೊಳಿಸಲಾಗದು. ಸಾವಿರ ಡಿಗ್ರಿಗೂ ಮೀರಿದ ನಿಯಂತ್ರಿತ ಶಾಖ ಬೇಕು. ಬೆಂಗಳೂರಿನ ಪೀಣ್ಯದಲ್ಲಿ ಈ ಸೇವೆ ಕೂಲಿಗೆ ದೊರೆಯುತ್ತದೆ. ಲೇಸರಿನಲ್ಲಿ ಅಲಗಿನ ಆಕಾರ ಕತ್ತರಿಸುವುದು, ಯಂತ್ರದಲ್ಲಿ ಪಿವಟ್ ರಂಧ್ರ ಕೊರೆಯುವುದು ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶಗಳ ವರ್ಕ್‌ಶಾಪುಗಳಿಗೆ ಅಸಾಧ್ಯವೇನಲ್ಲ. ಉಳಿಯುವುದು ಅಂತಿಮ ಸಾಣೆ. ಅದು ಇಂದಿಗೂ ಕೈಯ ಕೆಲಸ, ಮತ್ತು ಕಮ್ಮಾರನ ಕೈ ಅಲ್ಲಿಯೇ ಬೇಕಾಗುತ್ತದೆ.

ಅಂಥ ಚಾಕುವಿಗೆ ದುಬಾರಿ ಫ್ಲಿಪ್ಪರಿನಿಂದ ಎರವಲು ಪಡೆಯಬೇಕಾದದ್ದು ಎರಡೇ ಅಂಶ. ಒಂದು, ರಿವೆಟ್ ಬಡಿದ ಪಿವಟ್‌ನ ಬದಲು ತಿರುಪಿನ ಪಿವಟ್. ಸಡಿಲವಾದರೆ ಬಿಗಿ ಮಾಡಬಹುದು, ಮೇಣ ಕಟ್ಟಿದರೆ ಬಿಚ್ಚಿ ತೊಳೆಯಬಹುದು. ಎರಡು, ಕೆಲವೇ ರೂಪಾಯಿಗಳ ಒಂದು ಜೊತೆ ಬ್ರಾಂಜ್ ವಾಷರು. ಅಲಗಿನ ಆಕಾರವನ್ನು ಮಾತ್ರ ಟೀನಾದಿಂದ ಕಲಿಯಬೇಕು, ಉಕ್ಕನ್ನು ಸ್ವಿಸ್ಸರಿಂದ.

ಇನ್ನೊಂದು ಸಣ್ಣ ಸಂಗತಿ ವರ್ತಕರ ಗಮನಕ್ಕೆ. ಒಂದು ಬದಿ ಚಪ್ಪಟೆಯಾದ ಚಾಕು ಬಲಗೈಯವರಿಗೆ ಬೇರೆ, ಎಡಗೈಯವರಿಗೆ ಬೇರೆ. ಜರ್ಮನಿಯವರು ಎರಡನ್ನೂ ತಯಾರಿಸುತ್ತಾರೆ. ನಮ್ಮ ಊರಿನ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಬಲಗೈಯದು ಮಾತ್ರ. ಎಡಗೈಯ ಕಸಿಗಾರರು ಅದನ್ನೇ ತಿರುಗಿಸಿ ಹಿಡಿದು, ಬೆಣೆ ಸರಿಯಾಗಿ ಬಾರದೆ, ಕೊನೆಗೆ ಪೇಪರ್ ಕಟರಿಗೆ ಮರಳುತ್ತಾರೆ. ಮುಂದಿನ ಬಾರಿ ಒಂದು ಡಜನ್ ಚಾಕು ತರಿಸುವಾಗ ಅದರಲ್ಲಿ ಎಡಗೈಯದು ಒಂದಾದರೂ ಇದ್ದರೆ, ಕೊಳ್ಳುವವರು ತಾವಾಗಿಯೇ ಅಂಗಡಿ ಹುಡುಕಿಕೊಂಡು ಬರುತ್ತಾರೆ.